ಬೆರಳು ಮುಟ್ಟದ ಜಾಗ

ನಮ್ಮ ಅತ್ತಿಗೆಯನ್ನು ಮನೆಯವರೆಲ್ಲ ಜುಗ್ಗಮ್ಮ ಎಂದೇ ಕರೆಯುವುದು, ಅದೂ ಎದುರಿಗೇ. ಸವೆದ ಸೋಪಿನ ಚೂರನ್ನು ಹೊಸ ಸೋಪಿಗೆ ಅಂಟಿಸುತ್ತಾರೆ, ಪೇಸ್ಟಿನ ಟ್ಯೂಬನ್ನು ಕತ್ತರಿಯಿಂದ ಸೀಳಿ ಒಳಗೆ ಬ್ರಷ್ ಆಡಿಸುತ್ತಾರೆ. "ಏನನ್ನೂ ಎಸೆಯಲ್ಲ ಇವಳು. ನನ್ನನ್ನೂ ಎಸೆಯಲ್ಲ ಅನ್ನೋದೊಂದೇ ಧೈರ್ಯ" ಎನ್ನುತ್ತಾನೆ ನಮ್ಮಣ್ಣ.

ಇಂಥವರಿಗೆ ಕೆಲಸ ಸಿಕ್ಕಿದ್ದು ಎಲ್ಲಿ ಅಂತೀರಿ? ಸಿರಿಂಜ್ ಫ್ಯಾಕ್ಟರಿಯಲ್ಲಿ, ಅದರ ವಿನ್ಯಾಸ ಮಾಡುವ ವಿಭಾಗದಲ್ಲಿ! ಸಿರಿಂಜ್ ಒಮ್ಮೆ ಚುಚ್ಚಿದರೆ ಮುಗಿಯಿತು, ಎಸೆಯಲೇಬೇಕು. ಮತ್ತೆ ಬಳಸಿದರೆ ಮಹಾಪಾಪ. ಸೋಪಿನ ಚೂರನ್ನೂ ಎಸೆಯದ ಜೀವಕ್ಕೆ ಇದು ಎಂಥ ಹಿಂಸೆ, ನೀವೇ ಯೋಚಿಸಿ.

"ಎಸೆಯೋದನ್ನ ಎಸೆಯೋಣ ಕಣೇ. ಕೆಲಸಕ್ಕೆ ಬಾರದ ಪ್ಲಾಸ್ಟಿಕ್ಕನ್ನೂ ಅದಕ್ಕೆ ಅಂಟಿಸಿ ಯಾಕೆ ಎಸೀಬೇಕು?" ಎಂದು ಹಟ ಹಿಡಿದರು. ವರ್ಷಗಟ್ಟಲೆ ಕೂತು ಅಲ್ಲಿ ಒಂದಿಷ್ಟು, ಇಲ್ಲಿ ಒಂದಿಷ್ಟು ಹೆರೆದು ಹೆರೆದು ಹೊಸದೊಂದು ತೆಳ್ಳನೆಯ ಸಿರಿಂಜ್ ಮಾಡಿದರು. ಫ್ಯಾಕ್ಟರಿಯ ಯಂತ್ರ ಅದನ್ನು ಒತ್ತಿ ಒತ್ತಿ ನೋಡಿ ಪಾಸು ಮಾಡಿತು. ಕರೆಸಿದ ನರ್ಸ್‌ಗಳೂ ಚೆನ್ನಾಗಿದೆ ಎಂದರು. ಉಕ್ಕಿನಲ್ಲಿ ಅಚ್ಚು ಕೊರೆಯುವುದೊಂದು ಬಾಕಿ. ಕೊರೆದರೆ ಕೊರೆದಂತೆ, ಆಮೇಲೆ ಬದಲಿಸುವ ಮಾತಿಲ್ಲ. ಇದೇನಾದರೂ ಕೈಕೊಟ್ಟರೆ ಹಳೇ ದಪ್ಪ ಸಿರಿಂಜೇ ಗತಿ, ಪ್ಲಾಸ್ಟಿಕ್ ಉಳಿಸುವ ಸುದ್ದಿಯನ್ನೇ ಮತ್ತೆ ಎತ್ತಬಾರದು ಎಂದು ಮ್ಯಾನೇಜರ್ ಖಡಾಖಂಡಿತವಾಗಿ ಹೇಳಿದ್ದರಂತೆ.

ನಾನು ಮಕ್ಕಳ ಆಸ್ಪತ್ರೆಯಲ್ಲಿ ನರ್ಸ್. ಅಚ್ಚು ಕೊರೆಯುವ ಮುಂಚೆ ಒಂದು ಸಂಜೆ ಅತ್ತಿಗೆ ಒಂದು ಹಿಡಿ ಹೊಸ ಸಿರಿಂಜ್ ತಂದು ಅಡುಗೆಮನೆಯ ಕಟ್ಟೆಯ ಮೇಲೆ ಸುರಿದರು. ಮುಖದಲ್ಲಿ ಹೆತ್ತಮ್ಮನ ಕಳೆ. ನಾನು ಒಂದನ್ನು ಎತ್ತಿಕೊಂಡು ಲೋಟದಿಂದ ನೀರೆಳೆಯಲು ಹೋದೆ.

"ಅತ್ತಿಗೆ, ಕಡ್ಡಿ ಮುರಿದ ಹಾಗೆ ಹೇಳ್ಲಾ?"

"ಹೇಳು."

"ಇದು ನಂಗೆ ಬೇಡ."

ಹೆಬ್ಬೆರಳಿನಿಂದ ಒತ್ತುವ ಕಡ್ಡಿಗೆ ನಾವು ಪಿಸ್ಟನ್ ಎನ್ನುತ್ತೇವೆ. ಅದರ ತುದಿಗೊಂದು ಬಿಲ್ಲೆ ಇರುತ್ತದೆ. ಪೂರ್ತಿ ಒತ್ತಿದ ಮೇಲೂ ಕೊಳವೆಯಿಂದ ಹೊರಗೆ ಚಾಚಿಕೊಳ್ಳುವ ಕಡ್ಡಿಯ ಬಾಲ ವ್ಯರ್ಥ ಎಂದು ಅತ್ತಿಗೆ ಅದನ್ನು ಮೊಟಕು ಮಾಡಿಬಿಟ್ಟಿದ್ದರು.

"ಬಿಲ್ಲೆ ಕೆಳಗೆ ಬೆರಳೇ ತೂರಲ್ಲ ನೋಡಿ. ಒಂದು ಕೈಲಿ ಔಷಧಿ ಬಾಟ್ಲಿ ತಲೆಕೆಳಗೆ ಹಿಡಿದಿರ್ತೀನಿ. ಇನ್ನೊಂದು ಕೈಲೇ ಇದನ್ನ ಹಿಡೀಬೇಕು, ಎಳೀಬೇಕು. ಹಲ್ಲಲ್ಲಿ ಎಳೀಲಾ? ಒತ್ತೋದೊಂದೇ ಯೋಚಿಸಿದ್ದೀರಿ. ಎಳೆಯೋಕೆ ಯಾರು ಬರ್ತಾರೆ, ನಿಮ್ಮ ಮ್ಯಾನೇಜರಾ?"

"ಬೇರೆ ನರ್ಸ್‌ಗಳೆಲ್ಲ ಚೆನ್ನಾಗಿದೆ ಅಂದ್ರಲ್ಲೇ..."

"ಟೀ ಬಿಸ್ಕತ್ತು ಕೊಟ್ಟು ಕೇಳಿದ್ರೆ ಚೆನ್ನಾಗಿಲ್ಲ ಅಂತ ಯಾರಂತಾರೆ?"

ನನ್ನ ನಾಲಿಗೆಗೆ ಎಲುಬಿಲ್ಲ, ಒಪ್ಪಿದೆ. ಅತ್ತಿಗೆಯ ಮುಖ ಸಣ್ಣಗಾಯಿತು. ರಾತ್ರಿ ಊಟಕ್ಕೂ ಸರಿಯಾಗಿ ಕೂರಲಿಲ್ಲ.

ಇನ್ನೊಬ್ಬರಾಗಿದ್ದರೆ ಸುಮ್ಮನಿದ್ದುಬಿಡುತ್ತಿದ್ದರು. ನಾದಿನಿಯ ಬಾಯಿಬಡುಕತನ ಫ್ಯಾಕ್ಟರಿಯವರೆಗೆ ಕೇಳಿಸುತ್ತದೆಯೇ? ಅತ್ತಿಗೆ ಮಾರನೆಯ ಬೆಳಿಗ್ಗೆಯೇ ಹೋಗಿ ಅಚ್ಚಿನ ಕೆಲಸ ನಿಲ್ಲಿಸಿ ಎಂದರು. "ಪಾಸಾಗಿದ್ದನ್ನ ನೀವೇ ಫೇಲ್ ಮಾಡ್ತಿದ್ದೀರಲ್ಲ ಮೇಡಂ!" ಎಂದು ಮ್ಯಾನೇಜರ್ ಕುಣಿದಾಡಿದರಂತೆ. ಕೊನೆಗೆ ತಿಂಗಳೊಂದರ ಗಡುವು ಸಿಕ್ಕಿತು.

ಆ ಭಾನುವಾರ ನನ್ನ ವಾರ್ಡಿನ ಗೆಳತಿಯರನ್ನೆಲ್ಲ ಮನೆಗೆ ಕರೆಸಿದರು. ಮೇಜಿನ ಮೇಲೆ ಹಳೇ ದಪ್ಪ ಸಿರಿಂಜುಗಳು, ಕೈಗವಸು, ಸ್ಟ್ಯಾಂಪ್ ಪ್ಯಾಡು, ಒಂದು ಬುಟ್ಟಿ ಕಿತ್ತಳೆ.

"ಕೈಗವಸು ಹಾಕಿ ಬೆರಳಿಗೆ ಶಾಯಿ ಹಚ್ಕೊಳ್ಳಿ. ವಾರ್ಡಲ್ಲಿ ಹೇಗೆ ಮಾಡ್ತೀರೋ ಹಾಗೇ ಮಾಡಿ. ನಾನಿಲ್ಲಿದ್ದೀನಿ ಅನ್ನೋದನ್ನ ಮರೆತುಬಿಡಿ."

ನಾವು ಹರಟೆ ಹೊಡೆಯುತ್ತ ನೀರೆಳೆದೆವು, ಕಿತ್ತಳೆಗೆ ಚುಚ್ಚಿದೆವು. ನಮ್ಮಲ್ಲೊಬ್ಬಳು ಎಡಚಿ, ಇನ್ನೊಬ್ಬಳು ಅಂಗೈಯಿಂದ ಒತ್ತುವವಳು. ಅತ್ತಿಗೆ ಸಿರಿಂಜುಗಳನ್ನು ಸಾಲಾಗಿ ಜೋಡಿಸಿ ದೀಪದ ಕೆಳಗೆ ತಿರುಗಿಸಿ ತಿರುಗಿಸಿ ನೋಡಿದರು. ಬಿಲ್ಲೆಯ ಅಡಿಭಾಗವೆಲ್ಲ ಕಡುನೀಲಿ. ಅವರು ಕತ್ತರಿಸಿದ್ದ ಬಾಲದ ಮೇಲೆ ಎಲ್ಲರ ಬೆರಳೂ ಓಡಾಡಿತ್ತು. ಆದರೆ ಕೊಳವೆಯ ಬಾಯಲ್ಲಿ ಬೆರಳೂರಲು ಒಂದು ದುಂಡನೆಯ ತಟ್ಟೆ ಇರುತ್ತದಲ್ಲ, ಅದರ ಎರಡು ಬದಿ ಮಾತ್ರ ನೀಲಿ. ಉಳಿದದ್ದು ಬೆಳ್ಳಗೆ ಹಾಗೇ ಇತ್ತು.

"ಇಲ್ಲಿ ಯಾರ ಬೆರಳೂ ಬಂದಿಲ್ಲ ನೋಡ್ರೇ!" ಎಂದು ಅತ್ತಿಗೆ ಕೂಗಿಯೇಬಿಟ್ಟರು.

ಅಷ್ಟು ಕಷ್ಟಪಟ್ಟು ಕತ್ತರಿಸಿದ್ದ ಬಾಲವನ್ನು ಒಂದು ಚೂರೂ ಗೊಣಗದೆ ಪಿಸ್ಟನ್ನಿಗೆ ವಾಪಸ್ ಕೊಟ್ಟರು. ತಟ್ಟೆಯನ್ನು ಕತ್ತರಿಸಿ ಎರಡು ಪುಟ್ಟ ರೆಕ್ಕೆ ಮಾಡಿದರು. ಜುಗ್ಗತನ ಅಂತ ನಾವು ಆಡಿಕೊಂಡು ನಗುತ್ತಿದ್ದೆವಲ್ಲ, ಅದರ ಒಳಗೆ ಎಂಥ ದೊಡ್ಡ ಮನಸ್ಸಿತ್ತು ಎಂದು ನನಗೆ ಅವತ್ತು ಗೊತ್ತಾಯಿತು. ಅಂದಹಾಗೆ, ಕಿತ್ತಳೆಯನ್ನೂ ಬಿಡಲಿಲ್ಲ. "ನೀರು ನೀವೇ ಹಾಕಿದ್ದೀರಿ" ಎಂದು ಎಲ್ಲವನ್ನೂ ಹಿಂಡಿ ಜ್ಯೂಸು ಮಾಡಿ ನಮಗೇ ಕುಡಿಸಿದರು.

ಗಡುವಿನೊಳಗೆ ಒಪ್ಪಿಗೆ ಸಿಕ್ಕಿ, ಅಚ್ಚು ಕೊರೆದು, ಹೊಸ ಸಿರಿಂಜ್ ಮೊದಲು ಬಂದದ್ದು ನಮ್ಮ ವಾರ್ಡಿಗೇ. ಅವತ್ತು ಲಸಿಕೆಯ ದಿನ. ಕಾರಿಡಾರ್ ತುಂಬ ಅಮ್ಮಂದಿರು, ಅಳುವ ಕೂಸುಗಳು. ಅತ್ತಿಗೆ ಅನುಮತಿ ತೆಗೆದುಕೊಂಡು ಬಂದು ಮೂಲೆಯ ಬೆಂಚಿನ ಮೇಲೆ ಕೂತಿದ್ದರು. ನಾನೋ ಮೊಸರಲ್ಲಿ ಕಲ್ಲು ಹುಡುಕುವವಳು, ತಪ್ಪು ಹಿಡಿಯಲೇಬೇಕೆಂದು ಶುರು ಮಾಡಿದೆ. ಬಿಲ್ಲೆಯ ಕೆಳಗೆ ಬೆರಳು ಸಲೀಸಾಗಿ ತೂರಿತು. ಮಧ್ಯಾಹ್ನದ ಹೊತ್ತಿಗೆ ಕೈಯಲ್ಲಿರುವುದು ಹೊಸ ಸಿರಿಂಜ್ ಎಂಬುದೇ ನನಗೆ ಮರೆತುಹೋಗಿತ್ತು.

ಸಂಜೆ ಆಯಾ ಬಂದಳು. ಲಸಿಕೆಯ ದಿನ ಬಳಸಿದ ಸಿರಿಂಜ್ ಹಾಕುವ ಡಬ್ಬಿ ಉಕ್ಕಿ ಮುಚ್ಚಳ ಕೂರುವುದಿಲ್ಲ. ಹಾಗಾಗಿ ಇನ್ನೊಂದು ಖಾಲಿ ಡಬ್ಬಿ ತರುವುದು ಅವಳ ರೂಢಿ, ಇವತ್ತೂ ತಂದಿದ್ದಳು. ಆದರೆ ಮುಚ್ಚಳ ಒಂದೇ ಸಲಕ್ಕೆ ಕೂತಿತು.

"ಮಕ್ಕಳು ಕಡಿಮೆ ಬಂದ್ರಾ ಸಿಸ್ಟರ್?"

"ಇಲ್ಲಮ್ಮ, ಯಾವತ್ತಿನಷ್ಟೇ."

"ಮತ್ತೆ ಇದು?"

"ಬೇಡ, ತಗೊಂಡೋಗು."

ನಾನು ಬೆಂಚಿನ ಹತ್ತಿರ ಹೋಗಿ ಕೂತೆ. "ನಿಮ್ಮನ್ನ ನೋಡಿದ್ರೆ ನಂಗೆ ಹೆಮ್ಮೆ ಆಗುತ್ತೆ ಅತ್ತಿಗೆ" ಎಂದೆ. ಇಷ್ಟು ವರ್ಷದಲ್ಲಿ ಅವರಿಗೆ ಅಂಥ ಮಾತು ಹೇಳಿದವಳೇ ಅಲ್ಲ ನಾನು. ಅವರಿಗೆ ಕೇಳಿಸಲೇ ಇಲ್ಲ. ಕಾರಿಡಾರ್ ಕಡೆಗೇ ನೋಡುತ್ತಿದ್ದರು, ಕಣ್ಣೀರು ಕೆನ್ನೆಗಿಳಿದಿತ್ತು.

"ಆ ಡಬ್ಬಿ ಖಾಲಿನೇ ವಾಪಸ್ ಹೋಗ್ತಿದೆ ನೋಡೇ" ಎಂದರು.