ಗುಂಡು ಕಳೆಯುವ ಲೆಕ್ಕ

‘ಅವರ ರಕ್ತವೇ ಹಾಗೆ’ ಎಂದು ಯಾರಾದರೂ ಪಠಾಣರ ಬಗ್ಗೆ ಅಂದರೆ ನನಗೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ. ರಕ್ತದ ಮಾತು ಹಾಗಿರಲಿ, ಅವರಿಗೆ ಪಾಠ ಹೇಳಿಕೊಟ್ಟವರು ಯಾರು ಅಂತ ಮೊದಲು ಕೇಳಿ.

ಆಗ ನಾವು ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಹಿಂದಿನ ಒಂದು ಬಿಲ್ಡಿಂಗಿನಲ್ಲಿದ್ದೆವು. ಮಗಳು ಎರಡನೇ ಕ್ಲಾಸು. ಬಿಲ್ಡಿಂಗಿನ ನಾಲ್ಕು ಮನೆಯವರು ಸೇರಿ ಮಕ್ಕಳನ್ನು ಶಾಲೆಗೆ ಕಳಿಸಲು ಒಂದು ವ್ಯಾನು ಗೊತ್ತು ಮಾಡಿದ್ದೆವು. ಓಡಿಸುತ್ತಿದ್ದವನು ಒಬ್ಬ ಅಫ್ಘಾನಿ ಪಠಾಣ, ನನಗಿಂತ ಚಿಕ್ಕವನು. ಬೆಳಿಗ್ಗೆ ಲಿಫ್ಟಿನ ಬಾಗಿಲಿಗೇ ಬಂದು ನಿಂತು ಮಕ್ಕಳ ಬ್ಯಾಗುಗಳನ್ನು ತಾನೇ ಹೊತ್ತುಕೊಂಡು ಹೋಗುತ್ತಿದ್ದ. ಮಗಳನ್ನು ‘ಗುಡಿಯಾ’, ಅಂದರೆ ಗೊಂಬೆ ಅನ್ನುತ್ತಿದ್ದ, ನನ್ನನ್ನು ‘ಬಾಜಿ’, ಅಂದರೆ ಅಕ್ಕ.

ಮಗಳಿಗೆ ಕಳೆಯುವ ಲೆಕ್ಕ ಅಂದರೆ ಜ್ವರ. ಹೇಳಿಕೊಟ್ಟು ಹೇಳಿಕೊಟ್ಟು ನಾನು ಗಂಟಲು ಹರಿದುಕೊಂಡಿದ್ದೆ. ಒಂದು ಸಂಜೆ ನೋಡಿದರೆ ಪಟಪಟ ಅಂತ ಮಾಡಿ ಮುಗಿಸಿದಳು. ಯಾರು ಕಲಿಸಿದರೆಂದು ಕೇಳಿದರೆ ಡ್ರೈವರ್ ಅಂಕಲ್ ಅಂದಳು. ಸಿಗ್ನಲ್ಲಿನಲ್ಲಿ ವ್ಯಾನು ನಿಂತಾಗಲೆಲ್ಲ ಕೇಳುತ್ತಿದ್ದನಂತೆ: ಒಬ್ಬ ಸಿಪಾಯಿಯ ಹತ್ತಿರ ಹದಿನೈದು ಗುಂಡು ಇವೆ, ಎಂಟು ಹಾರಿಸಿದ, ಉಳಿದದ್ದು ಎಷ್ಟು?

ನಮ್ಮ ಕೆಳಗಿನ ಫ್ಲ್ಯಾಟಿನವರು ಉಡುಪಿ ಕಡೆಯ ಇಂಜಿನಿಯರು. ಅವರ ಮಗನೂ ಅದೇ ವ್ಯಾನಿನಲ್ಲಿ ಹೋಗುತ್ತಿದ್ದ. ವಿಷಯ ಹೇಳಿದರೆ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

“ಹಾಗಾದ್ರೆ ಟ್ಯೂಷನ್ ಫ್ರೀ ಆಯ್ತಲ್ಲ ಅಕ್ಕ. ನಮ್ಮವನಿಗೂ ಈ ಸಲ ಮ್ಯಾತ್ಸಲ್ಲಿ ಒಳ್ಳೆ ಮಾರ್ಕು ಬಂದಿದೆ ಮಾರಾಯ್ರೆ.”

ನನಗೆ ಮಾತ್ರ ಕಸಿವಿಸಿ. ಮರುದಿನ ಅವನನ್ನೇ ನಿಲ್ಲಿಸಿ, ನನ್ನ ಹುಬ್ಬಳ್ಳಿ ಹಿಂದಿಯಲ್ಲಿ, ಮಕ್ಕಳಿಗೆ ಗುಂಡಿನ ಲೆಕ್ಕ ಯಾಕಪ್ಪ ಎಂದು ಕೇಳಿದೆ. ಅವನು ಕಕ್ಕಾಬಿಕ್ಕಿಯಾದ. ತಪ್ಪೇನೆಂದೇ ಅವನಿಗೆ ತಿಳಿಯಲಿಲ್ಲ. ಊರಿಗೆ ರಷ್ಯಾದ ಸೈನ್ಯ ಬಂದಾಗ ಅಪ್ಪ ಸತ್ತು, ತಾಯಿಯ ಜೊತೆ ಗಡಿ ದಾಟಿ ಪೇಶಾವರದ ಹತ್ತಿರ ಡೇರೆಯಲ್ಲಿ ಬೆಳೆದವನು ಅವನು. ಅಲ್ಲಿಯ ಶಾಲೆಯ ಪುಸ್ತಕದಲ್ಲಿ ಲೆಕ್ಕ ಅಂದರೆ ಅದೇ: ಗುಂಡು, ಬಂದೂಕು, ಸತ್ತ ರಷ್ಯನ್ನರು. ಪುಸ್ತಕ ಬರುವುದು ಅಮೆರಿಕದ ದುಡ್ಡಿನಲ್ಲಿ ಎಂದು ಮೇಷ್ಟ್ರೇ ಹೆಮ್ಮೆಯಿಂದ ಹೇಳುತ್ತಿದ್ದರಂತೆ.

“ನಿಮ್ಮ ಪುಸ್ತಕದಲ್ಲಿ ಏನನ್ನ ಕಳೀತಿದ್ರಿ ಬಾಜಿ?” ಎಂದು ಕೇಳಿದ.

“ಮಾವಿನಹಣ್ಣು” ಅಂದೆ.

“ಅದೂ ಚಲೋನೇ” ಎಂದು ನಕ್ಕ. ಮರುವಾರದಿಂದ ವ್ಯಾನಿನಲ್ಲಿ ಗುಂಡು ಹೋಗಿ ಮಾವಿನಹಣ್ಣು ಬಂತು. ಮಗಳೇ ಬಂದು ಹೇಳಿದಳು.

ನಮ್ಮ ಶಾಲೆಗೂ ಅವರಿಬ್ಬರೂ ಬಂದಿದ್ದರು, ಅಮೆರಿಕವೂ ರಷ್ಯಾವೂ. ಧಾರವಾಡದ ಹತ್ತಿರದ ಸರ್ಕಾರಿ ಶಾಲೆ ಅದು. ಮಧ್ಯಾಹ್ನಕ್ಕೆ ಅಮೆರಿಕದ ಗೋಧಿಯ ಉಪ್ಪಿಟ್ಟು, ಹಾಲಿನ ಪುಡಿ ಕಲಸಿದ ಹಾಲು. ಪುಸ್ತಕಕ್ಕೆ ಬೈಂಡು ಹಾಕಲು ರಷ್ಯಾದ ಬಣ್ಣದ ಪತ್ರಿಕೆಯ ನುಣುಪು ಹಾಳೆ. ನನ್ನ ಗಣಿತದ ಪುಸ್ತಕದ ಮೇಲೆ ಟ್ರ್ಯಾಕ್ಟರ್ ಓಡಿಸುವ ಹೆಂಗಸೊಬ್ಬಳು ವರ್ಷವಿಡೀ ನಗುತ್ತಿದ್ದಳು. ನಮ್ಮನ್ನು ಒಲಿಸಿಕೊಳ್ಳಲು ಇಬ್ಬರೂ ಪೈಪೋಟಿಗೆ ಬಿದ್ದಿದ್ದರು. ಅವನ ಊರಿನಲ್ಲಿ ಒಲಿಸುವ ಗೋಜೇ ಇರಲಿಲ್ಲ, ಅಲ್ಲಿ ಹೊಡೆದಾಟಕ್ಕೇ ನಿಂತರು. ಎರಡು ಕೋಣ ಗುದ್ದಾಡಿದರೆ ಸಾಯುವುದು ಗಿಡ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ನನಗೆ ಉಪ್ಪಿಟ್ಟು ಸಿಕ್ಕಿತು, ಅವನಿಗೆ ಗುಂಡು. ಇದರಲ್ಲಿ ನನ್ನ ದೊಡ್ಡತನವೇನು, ಅವನ ರಕ್ತದ ತಪ್ಪೇನು?

ಆ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಕಟ್ಟಡಗಳು ಬಿದ್ದವು. ವಾರ ಕಳೆಯುವುದರೊಳಗೆ ಇಂಜಿನಿಯರು ನಾಲ್ಕೂ ಮನೆಯವರನ್ನು ತಮ್ಮಲ್ಲಿಗೆ ಕರೆದರು. ಚಹಾ, ಬಿಸಿಬಿಸಿ ಬನ್ಸು.

“ಮಕ್ಕಳಿಗೆ ಬಂದೂಕಿನ ಪಾಠ ಮಾಡ್ತಾನೆ ಅವ. ನಮಗೆ ರಿಸ್ಕ್ ಎಂತಕ್ಕೆ? ಕಂಪನಿಗೆ ಫೋನ್ ಮಾಡಿ ಖಲಾಸ್ ಮಾಡುವ.”

“ಅವತ್ತು ನಗು ಬಂದಿತ್ತಲ್ರಿ ನಿಮಗ?” ಅಂದೆ.

“ಅದು ಆಗ ಅಕ್ಕ.”

“ಈಗವ ಮಾವಿನಹಣ್ಣಿನ ಲೆಕ್ಕಾ ಕೇಳ್ತಾನ್ರಿ. ನಿಮ್ಮ ಮಗನ್ನ ಕೇಳ್ರಿ ಬೇಕಾದ್ರ.”

ಅವರು ಇನ್ನೊಂದು ಬನ್ಸು ಮುರಿದರು. ನಾನೂ ಬಿಡಲಿಲ್ಲ. “ಕೆಲಸ ಹೋದ್ರ ವೀಸಾ ಕ್ಯಾನ್ಸಲ್ ಆಗ್ತದ. ಅವನ ದೇಶದ ಮ್ಯಾಲೆ ಬಾಂಬ್ ಹಾಕ್ತೇವಂತ ಟಿವಿಯೊಳಗ ಹೇಳಾಕತ್ತಾರ. ಅಂಥಾ ಹೊತ್ತಿನ್ಯಾಗ ಅಲ್ಲಿಗೆ ಕಳಸ್ತೀರೇನು?”

“ಅದು ನಮ್ಮ ತಲೆನೋವಲ್ಲ ಅಕ್ಕ.”

ಆ ಪುಸ್ತಕ ಯಾರು ಕಳಿಸಿದ್ದು, ಯಾಕೆ ಕಳಿಸಿದ್ದು ಎಲ್ಲವನ್ನೂ ಹೇಳಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ನಮ್ಮ ಮನೆಯವರು ಸಾಕು ಎನ್ನುವಂತೆ ನನ್ನ ಮೊಣಕೈ ಒತ್ತಿದರು. ಆ ಸಿಟ್ಟು ಅವರ ಮೇಲೆ ಇನ್ನೂ ಇದೆ. ಮೂರು ಮನೆಯವರು ಒಂದಾದರು, ಮರುದಿನ ಕಂಪನಿಗೆ ಫೋನು ಹೋಯಿತು.

ಕಡೆಯ ದಿನ ಅವನು ಎಂದಿನಂತೆ ಬ್ಯಾಗು ಹೊತ್ತು ತಂದು ಬಾಗಿಲಲ್ಲಿ ಇಟ್ಟ. ಯಾರು ದೂರು ಕೊಟ್ಟರು ಎಂದು ಕೇಳಲಿಲ್ಲ. ತಾಯಿ ಈಗ ಊರಿಗೆ ವಾಪಸು ಹೋಗಿದ್ದಾಳೆ, ಅಲ್ಲಿಗೇ ಹೋಗುತ್ತೇನೆ ಅಂದ. ಗುಡಿಯಾಗೆ ಇನ್ನು ಗುಣಾಕಾರ ಶುರು ಮಾಡಿಸಿ ಎಂದೂ ಹೇಳಿದ.

ಮುಂದಿನ ತಿಂಗಳು ಬಾಂಬು ಬೀಳತೊಡಗಿತು. ಇಂಜಿನಿಯರ ಮಗನ ಬರ್ತ್‌ಡೇ ಎಂದು ಮಗಳ ಹಟಕ್ಕೆ ಕೆಳಗೆ ಹೋಗಿದ್ದೆ. ಟಿವಿಯಲ್ಲಿ ಅಮೆರಿಕದ ವಿಮಾನಗಳು ಅಫ್ಘಾನಿಸ್ತಾನದ ಮೇಲೆ ಊಟದ ಪೊಟ್ಟಣ ಸುರಿಯುವುದನ್ನು ತೋರಿಸುತ್ತಿದ್ದರು. ಹಳದಿ ಪೊಟ್ಟಣಗಳು. ನನಗೆ ಉಪ್ಪಿಟ್ಟು ಹಾಕಿದ ಪುಣ್ಯಾತ್ಮರು ಕಡೆಗೂ ಅವನಿಗೆ ಊಟ ಕಳಿಸಿದ್ದರು, ಬಾಂಬಿನ ಜೊತೆಗೆ.

“ನೋಡಿ ಅಕ್ಕ, ಎಷ್ಟು ದೊಡ್ಡ ಮನಸ್ಸು ಅವರದ್ದು” ಅಂದರು ಇಂಜಿನಿಯರು.

ಕೇಕು ತಿನ್ನುತ್ತಿದ್ದ ಮಗಳು ಟಿವಿ ನೋಡಿ, “ಅಮ್ಮಾ, ಡ್ರೈವರ್ ಅಂಕಲ್‌ಗೂ ಒನ್ ಪ್ಯಾಕೆಟ್ ಸಿಗ್ತದಾ?” ಎಂದು ಕೇಳಿದಳು.

“ಇವರನ್ನ ಕೇಳವಾ” ಎಂದು ಇಂಜಿನಿಯರತ್ತ ಕೈ ತೋರಿಸಿದೆ. “ಅಂಕಲ್‌ನ ಅಲ್ಲಿಗೆ ಕಳಿಸಿದವರು ಇವರು.”