ತಡ ಮಾಡುತ್ತಿದ್ದ ವೈನಿ

ಕಂಪ್ಯೂಟರ್ ಮುಂದೆ ಕೂಡುವ ಮೊದಲು ವೈನಿ ಎರಡೂ ಕೈಯ ಹಸಿರು ಬಳೆಗಳನ್ನು ಮೊಣಕೈಯತ್ತ ಜಗ್ಗಿ, ಒಂದೊಂದು ರಬ್ಬರ್ ಬ್ಯಾಂಡ್ ಬಿಗಿಯುತ್ತಿದ್ದರು. ಬಳೆ ಸದ್ದು ಮಾಡಿದರೆ ಓದಿದ್ದು ತಲೆಗೆ ಹೋಗುವುದಿಲ್ಲವಂತೆ. ಬಳೆ ಸುಮ್ಮನಾದರೂ ಕಾಲು ಸುಮ್ಮನಿರಬೇಕಲ್ಲ, ಮೇಜಿನ ಕೆಳಗೆ ಚಪ್ಪಲಿ ಪಟಪಟ ಅನ್ನುತ್ತಲೇ ಇರುತ್ತಿತ್ತು. ಅವರನ್ನು ತಾಳ್ಮೆಯ ಹೆಣ್ಣು ಅಂತ ಹೊಗಳುವವರನ್ನು ಕಂಡರೆ ನನಗೆ ನಗು ಬರುತ್ತದೆ. ತಾಳ್ಮೆ ಎಲ್ಲಿತ್ತು ಅವರಿಗೆ? ಇದ್ದದ್ದು ಭಯ.

ನನ್ನ ಅಣ್ಣನ ಹೆಂಡತಿ ಅವರು. ಕುಂದಗೋಳದ ಬಸ್ ಸ್ಟ್ಯಾಂಡ್ ಹತ್ತಿರ ಸಣ್ಣ ಆಫೀಸು ಇಟ್ಟು ಸುತ್ತಲಿನ ಹಳ್ಳಿಗಳಿಗೆ ಇಂಟರ್ನೆಟ್ ಲೈನು ಕೊಡುತ್ತಿದ್ದರು. ನಾದಿನಿ ನಾನೂ ಅಲ್ಲೇ ಕೆಲಸಕ್ಕಿದ್ದೆ. ಎಲ್ಲ ಹಳ್ಳಿಯ ಲೈನೂ ಒಂದೇ ಸರ್ವರ್ ಹಾಯ್ದು ಹೋಗಬೇಕು. ಅದು ಎಷ್ಟು ಮೆಮರಿ ಹಿಡಿಯಬೇಕು, ಒಮ್ಮೆಗೆ ಎಷ್ಟು ಮಂದಿಗೆ ದಾರಿ ಬಿಡಬೇಕು ಎಂಬುದೆಲ್ಲ ಒಂದು ಫೈಲಿನಲ್ಲಿ ಬರೆದಿರುತ್ತದೆ. ಹೊಸ ಫೈಲು ಹಾಕುವುದು ಒಂದು ಗುಂಡಿ ಒತ್ತಿದಷ್ಟು ಸಲೀಸು. ಆದರೆ ವೈನಿ ಬಿಡಬೇಕಲ್ಲ! ಮೊದಲು ತಪ್ಪು ಹುಡುಕುವ ಪ್ರೋಗ್ರಾಮಿಗೆ ಕೊಡಬೇಕು, ಆಮೇಲೆ ಮೂಲೆಯಲ್ಲಿದ್ದ ಅದೇ ನಮೂನೆಯ ಇನ್ನೊಂದು ಮಷಿನ್ನಿನಲ್ಲಿ ಓಡಿಸಿ ನೋಡಬೇಕು. ಪ್ರೋಗ್ರಾಮು ಸರಿ ಅಂದಮೇಲೆ ಇನ್ನೇನು ಅಂತ ನಾನು ಸಿಡುಕುತ್ತಿದ್ದೆ.

"ಅದು ಬರದದ್ದು ಸರಿ ಐತೇನು ಅಂತ ಅಷ್ಟ ನೋಡತೈತಿ. ನಮ್ಮ ಮಷಿನ್ ತಾಳತೈತೇನು ಅಂತ ನಾವ ನೋಡಬೇಕು. ನಮ್ಮಪ್ಪ ಕಡ್ಲಿ ಬಿತ್ತೂಕಿಂತ ಮೊದ್ಲ ಹಸಿ ಅರಿವ್ಯಾಗ ಬೀಜಾ ಕಟ್ಟಿ ಮೊಳಕಿ ನೋಡಂಗಿಲ್ಲೇನು?" ಅನ್ನುತ್ತಿದ್ದರು.

ಒಂದು ಮಧ್ಯಾಹ್ನ ಆ ಅಪ್ಪನ ಊರು ಯರಗುಪ್ಪಿಯ ಆಸ್ಪತ್ರೆಯಿಂದಲೇ ಅಣ್ಣನ ಫೋನು ಬಂತು. ನಾವು ಅಜ್ಜ ಅನ್ನುತ್ತಿದ್ದ ಆ ಅಪ್ಪನಿಗೇ ಎದೆನೋವು. ಇಸಿಜಿ ತೆಗೆದಿದ್ದಾರೆ, ಹುಬ್ಬಳ್ಳಿಯ ಹೃದಯದ ಡಾಕ್ಟರು ಅದನ್ನು ನೋಡಿ ಹೇಳಿದ ಮೇಲೆಯೇ ಇಂಜೆಕ್ಷನ್ನು. ಆದರೆ ನಮ್ಮ ಲೈನು ಅಗದಿ ನಿಧಾನ, ಮೊಬೈಲಿನಲ್ಲಿ ಮಾತಷ್ಟೇ ಕೇಳುತ್ತಿದೆ, ಇಸಿಜಿ ಹೋಗುತ್ತಿಲ್ಲ. ಲೈನು ಚುರುಕು ಮಾಡುವ ಫೈಲು ಸರ್ವರ್ ಮಾರಿದವರಿಂದ ಅವತ್ತು ಬೆಳಿಗ್ಗೆಯಷ್ಟೇ ಬಂದಿತ್ತು. ಹಾಕಿಬಿಡೋಣ ಅಂತ ನಾನು ಕುರ್ಚಿ ಎಳೆದೆ.

"ತಡಿಯವಾ. ಮೊದ್ಲ ಓಡಿಸಿ ನೋಡೂಣು."

"ವೈನಿ, ಅಲ್ಲಿ ಮಲಗಿದಾವ್ರು ನಿಮ್ಮಪ್ಪಾರ್ರಿ."

"ಗೊತ್ತೈತಿ ನನಗ."

ಪ್ರೋಗ್ರಾಮು ಎಲ್ಲ ಸರಿ ಅಂತ ತೋರಿಸಿತು. ಫೈಲನ್ನು ಮೂಲೆಯ ಮಷಿನ್ನಿಗೆ ಹಾಕಿ ವೈನಿ ಎದ್ದು ಬಾಗಿಲ ತನಕ ಹೋಗಿ ಬಂದರು, ಮತ್ತೆ ಹೋಗಿ ಬಂದರು. ಆಸ್ಪತ್ರೆಯಲ್ಲಿದ್ದ ಅಣ್ಣ ಫೋನಿನಲ್ಲಿ ಕೂಗಾಡುತ್ತಿದ್ದ, ನನಗೋ ಮೈಯೆಲ್ಲ ಬೆಂಕಿ. ಅಷ್ಟರಲ್ಲಿ ಮೂಲೆಯ ಮಷಿನ್ ಹ್ಯಾಂಗ್ ಆಗಿ ಕೂತಿತು. ಫೈಲಿನ ಒಂದು ಸಾಲು ನಮ್ಮದಕ್ಕಿಂತ ಎಷ್ಟೋ ದೊಡ್ಡ ಸರ್ವರಿಗಾಗಿ ಬರೆದದ್ದು, ಇದ್ದ ಮೆಮರಿಯನ್ನೆಲ್ಲ ಅದೇ ನುಂಗಿತ್ತು. ನೇರ ಹಾಕಿದ್ದರೆ ಎಲ್ಲ ಹಳ್ಳಿಯ ಲೈನೂ ಸತ್ತು, ಇಸಿಜಿ ಹೋಗುವ ಮಾತೇ ಇರುತ್ತಿರಲಿಲ್ಲ. ವೈನಿ ಆ ಸಾಲು ತಿದ್ದಿ, ಅದನ್ನೂ ಮೂಲೆಯ ಮಷಿನ್ನಿನಲ್ಲಿ ಓಡಿಸಿ ನೋಡಿ, ಆಮೇಲೆ ಸರ್ವರಿಗೆ ಹಾಕಿದರು. ಇಸಿಜಿ ಹೋಯಿತು, ಇಂಜೆಕ್ಷನ್ ಬಿತ್ತು, ಅಜ್ಜ ಉಳಿದರು.

ಉಳಿದವರು ಸುಮ್ಮನಿದ್ದರೇ? ತಾನು ಸಾಯಲು ಬಿದ್ದಾಗ ಮಗಳು ಪರೀಕ್ಷೆ ಮಾಡುತ್ತ ಕೂತಿದ್ದಳು ಅಂತ ಬಂದಬಂದವರ ಮುಂದೆಲ್ಲ ಹೇಳಿದರು. ಮಗಳ ಜೊತೆ ಮಾತು ಬಿಟ್ಟರು. ಹ್ಯಾಂಗ್ ಆದ ಮಷಿನ್ನಿನ ಕಥೆಯನ್ನು ನಾನು ಎಷ್ಟು ಬಿಡಿಸಿ ಹೇಳಿದರೂ, ನಿಮ್ಮ ವೈನಿ ಪರವಾಗಿ ನೀ ಹೇಳದೆ ಇನ್ಯಾರು ಹೇಳುತ್ತಾರೆ ಅಂತ ತಳ್ಳಿಹಾಕಿದರು. ವೈನಿ ಒಮ್ಮೆ ಮಾತ್ರ ಬಾಯಿ ಬಿಟ್ಟರು.

"ಅಲ್ಲಿ ನೀ ಇದ್ದಿ ಅಂತನ ಓಡಿಸಿ ನೋಡಿದೆ, ಯಪ್ಪಾ."

ಅಜ್ಜ ಮಾರಿ ಆ ಕಡೆ ಹೊರಳಿಸಿದರು.

ಹೋದ ಮಳೆಗಾಲದಲ್ಲಿ ವೈನಿಗೆ ಜ್ವರ ಬಂತು. ತಲೆಗೇರಿದೆ ಅಂದರು ಡಾಕ್ಟರು. ವಾರ ತುಂಬುವುದರೊಳಗೆ ವೈನಿ ಇಲ್ಲ. ನನಗೆ ಇನ್ನೂ ಸಿಟ್ಟು ಬರುತ್ತದೆ, ಯಾರ ಮೇಲೆ ಅಂತ ತಿಳಿಯದು. ಆಫೀಸು ಈಗ ನನ್ನ ಕೈಯಲ್ಲಿದೆ. ಕಲಿಸಿದವರು ಬೈಯಲಿಕ್ಕೂ ಇಲ್ಲ ಅನ್ನುವುದು ಸಣ್ಣ ಸಂಕಟವಲ್ಲ.

ಮಣ್ಣು ಮಾಡಿ ಬಂದ ಮೇಲೆ ಅಜ್ಜ ಕಟ್ಟೆಯ ಮೇಲೆ ಒಬ್ಬರೇ ಕೂತಿದ್ದರು. ನನ್ನನ್ನು ಹತ್ತಿರ ಕರೆದು, ನನ್ನ ಕೈ ಹಿಡಿದುಕೊಂಡು ಕೇಳಿದರು:

"ನನ್ನ ಉಳಸಾಕ ಅಷ್ಟ ತಡಾ ಮಾಡಿದಾಕಿ, ತಾ ಹೋಗೂ ಮುಂದ ಯಾಕ ಇಷ್ಟ ಅವಸರಾ ಮಾಡಿದ್ಲವಾ?"