ಒಂದು ಚಿಟಿಕೆ ಗ್ಲೂಕೋಸ್

ಬ್ಯಾಕ್ಟೀರಿಯಾಕ್ಕೂ ಅಡುಗೆಯವಳು ಬೇಕು. ಅದು ತಾನೇ ಬೇಯಿಸಿಕೊಂಡು ತಿನ್ನುವ ಕುಲವಲ್ಲ. ಯಾರಾದರೂ ಅಳೆದು, ಕಲಸಿ, ಹಬೆಯಲ್ಲಿ ಬೇಯಿಸಿ, ಆರಿಸಿ ಬಡಿಸಿದರೆ ಉಂಡು ವಂಶ ಬೆಳೆಸುತ್ತದೆ. ಇಲ್ಲದಿದ್ದರೆ ಮುನಿಸಿಕೊಂಡ ಬೀಗರ ಹಾಗೆ ಮೂಲೆ ಹಿಡಿದು ಕೂರುತ್ತದೆ. ಆ ಕಾಲೇಜಿನ ಪ್ರಯೋಗಾಲಯದಲ್ಲಿ ಈ ಅಡುಗೆಯನ್ನು ಕಾಲು ಶತಮಾನದಿಂದ ಮಾಡಿಕೊಂಡು ಬಂದವಳು ಸಕ್ಕರೆ ಅಕ್ಕ. ಬಗೆಬಗೆಯ ಸಕ್ಕರೆಯ ಡಬ್ಬಿಗಳೆಲ್ಲ ಅವಳ ಸುಪರ್ದಿನಲ್ಲಿದ್ದುದರಿಂದ ಬಂದ ಹೆಸರು ಅದು. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಹಾಕುವುದಕ್ಕೆ ಮಾತ್ರ ಉಳಿದಿತ್ತು.

ಅಡುಗೆ ಕೋಣೆಗೆ ಕಿಟಕಿ ಇರಲಿಲ್ಲ. ಹಬೆಯ ಹಂಡೆ, ಹೊಗೆ ಎಳೆಯುವುದಕ್ಕಿಂತ ಹೆಚ್ಚು ಸದ್ದು ಮಾಡುವ ಫ್ಯಾನು, ಒಂದು ತಕ್ಕಡಿ, ಒಂದು ಸ್ಟೂಲು. ಅಲ್ಲಿಂದ ಹೊರಟ ಅಡುಗೆ ಮಾತ್ರ ಇಡೀ ಕಾಲೇಜಿನಲ್ಲಿ ಹೆಸರುವಾಸಿ. ಬೇರೆಯವರ ಸೀಸೆಗಳಲ್ಲಿ ಬ್ಯಾಕ್ಟೀರಿಯಾ ಹುಟ್ಟಲೋ ಬೇಡವೋ ಎಂದು ಯೋಚಿಸುತ್ತಿರುವಾಗ, ಅಕ್ಕನ ಸೀಸೆಗಳಲ್ಲಿ ಆಗಲೇ ಮೊಮ್ಮಕ್ಕಳಿರುತ್ತಿದ್ದವು. "ಅಕ್ಕನ ಕೈಗುಣ ಕಣ್ರೀ, ಕಲ್ಲು ಕೊಟ್ಟರೂ ಚಿಗುರಿಸ್ತಾರೆ" ಎಂದು ಮೇಷ್ಟ್ರುಗಳು ಹೇಳುತ್ತಿದ್ದರು. ಅಕ್ಕ ನಗುತ್ತಿದ್ದಳು.

ಕೈಗುಣದ ಗುಟ್ಟು ಇಷ್ಟೇ: ಯಾವ ಅಡುಗೆಯೇ ಇರಲಿ, ಕೊನೆಗೆ ಅಕ್ಕ ಒಂದು ಚಿಟಿಕೆ ಗ್ಲೂಕೋಸ್ ಹಾಕುತ್ತಿದ್ದಳು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಸೀಸೆ ಸಪ್ಪಗೆ ಕಂಡಿತ್ತು. ಬಡಕಲು ಮಗುವಿಗೆ ಕೊಟ್ಟ ಹಾಗೆ ಒಂದು ಚಿಟಿಕೆ ಕೊಟ್ಟಳು. ಅದು ಗೆಲುವಾಯಿತು. ಅಲ್ಲಿಂದ ಚಿಟಿಕೆ ರೂಢಿಯಾಯಿತು. ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅಮ್ಮನಾದವಳು ಅಳತೆ ಹೇಳಿ ಬಡಿಸುತ್ತಾಳೆಯೇ?

ಮನೆಯಲ್ಲಿ ಅವಳು ಅಕ್ಕ ಅಲ್ಲ, ಪುಟ್ಟಿ. ಐವತ್ತು ಹತ್ತಿರ ಬಂದರೂ ಪುಟ್ಟಿಗೆ ಬಡ್ತಿ ಸಿಕ್ಕಿರಲಿಲ್ಲ. ಅಪ್ಪ ಹೋದ ಮೇಲೆ ಅವಳನ್ನು ಸಾಕಿದವನು ಅಣ್ಣ. ಪೇಟೆ ಬೀದಿಯಲ್ಲಿ ಅವನದೊಂದು ಕನ್ನಡಕದ ಅಂಗಡಿ. ಊರಿಗೆಲ್ಲ ಕಣ್ಣು ಕೊಟ್ಟವನಿಗೆ ಮನೆಯೊಳಗೆ ಒಂದು ಚಮಚವೂ ಕಣ್ಣಿಗೆ ಬೀಳುತ್ತಿರಲಿಲ್ಲ. "ಪುಟ್ಟೀ, ಟವೆಲ್ ಎಲ್ಲಿ?" "ಹೆಗಲ ಮೇಲೆ, ಅಣ್ಣ." ಹೀಗೆ ದಿನ ಶುರುವಾಗುತ್ತಿತ್ತು. ಅಣ್ಣನಿಗೆ ಸಕ್ಕರೆ ಕಾಯಿಲೆ ಬಂದ ಮೇಲೆ ಇದು ಇನ್ನೂ ಗಟ್ಟಿಯಾಯಿತು. ಇಂಜೆಕ್ಷನ್ ಚುಚ್ಚುವವಳು ಪುಟ್ಟಿ. ಕೆಲವು ಸಂಜೆ ಸಕ್ಕರೆ ಇಳಿದು ಅವನ ಕೈ ನಡುಗಿ ಹಣೆ ಬೆವರಿದರೆ, ಅಡುಗೆಮನೆಯ ಗೂಡಿನಿಂದ ಗ್ಲೂಕೋಸ್ ಡಬ್ಬಿ ತಂದು ನೀರಿಗೆ ಕಲಸಿ ಕುಡಿಸುವವಳೂ ಪುಟ್ಟಿ.

ಅವಳಿಗೆ ಅಲ್ಲಿ ಒಂದು ರೂಮಿತ್ತು. ಎಲ್ಲರೂ ಅದನ್ನು ಪುಟ್ಟಿ ರೂಮು ಎಂದೇ ಕರೆಯುತ್ತಿದ್ದರು, ಆದರೆ ಅದು ನಡುಮನೆಯಿಂದ ಅಡುಗೆಮನೆಗೆ ಹೋಗುವ ದಾರಿ. ಒಂದು ಮಂಚ, ಇಸ್ತ್ರಿ ಮೇಜು, ತಲೆಯ ಮೇಲೆ ಅಡ್ಡಡ್ಡ ಕಟ್ಟಿದ ಬಟ್ಟೆ ಒಣಗಿಸುವ ದಾರ. ಬಾಗಿಲಿರಲಿಲ್ಲ, ಪರದೆ ಇತ್ತು. ನೀರು ಬೇಕಾದವರು, ನಿದ್ದೆ ಬಾರದವರು, ಒಣಗಿದ ಬನಿಯನ್ ಹುಡುಕುವವರು ಎಲ್ಲರೂ ಅವಳ ಮಂಚದ ಪಕ್ಕದಲ್ಲೇ ಹಾದುಹೋಗಬೇಕು. "ಮಲಗಿರು ಪುಟ್ಟಿ, ಏಳಬೇಡ" ಎಂದು ಪ್ರೀತಿಯಿಂದ ಎಬ್ಬಿಸಿ ಹೋಗುತ್ತಿದ್ದರು.

ಆ ಮನೆಯಲ್ಲಿ ಅವಳನ್ನು ಯಾರೂ ಬೈದವರಲ್ಲ. ಬೈದಿದ್ದರೆ ಯಾವತ್ತೋ ಎದ್ದು ಹೋಗುತ್ತಿದ್ದಳು. ಮೇಲಿನ ಓದಿಗೆ ಬೇರೆ ಊರಿನಲ್ಲಿ ಸೀಟು ಸಿಕ್ಕಾಗ ಅತ್ತಿಗೆ ಬಸುರಿ. "ನೀನಿದ್ರೆ ನನಗೆ ಅಮ್ಮ ಇದ್ದ ಹಾಗೆ" ಎಂದಳು ಅತ್ತಿಗೆ. ಅಣ್ಣ ಒಂದು ರೇಡಿಯೋ ತಂದುಕೊಟ್ಟ. ಗಂಡು ನೋಡಲು ಬಂದಾಗ ಅಣ್ಣ, "ಹುಡುಗ ಚಿನ್ನ, ಆದ್ರೆ ಊರು ದೂರ. ಅವಸರ ಏನಮ್ಮ?" ಎಂದ, ಆ ವರ್ಷ ಒಂದು ಹೊಲಿಗೆ ಯಂತ್ರ ಬಂತು. ಅವಳು ಹೊಸ್ತಿಲವರೆಗೆ ಬಂದಾಗಲೆಲ್ಲ ಯಾರೋ ಬಾಯಿಗೆ ಸಿಹಿ ಹಾಕುತ್ತಿದ್ದರು. ಸಿಹಿ ಕರಗುವಷ್ಟರಲ್ಲಿ ಹೊಸ್ತಿಲು ಮರೆತುಹೋಗುತ್ತಿತ್ತು.

ಹೀಗಿರುವಾಗ ಒಂದು ಸೋಮವಾರ ಪ್ರೊಫೆಸರಮ್ಮ ಅಡುಗೆ ಕೋಣೆಗೆ ಬಂದು ಸ್ಟೂಲಿನ ಮೇಲೆ ಕೂತರು. ವಯಸ್ಸಿನಲ್ಲಿ ಅಕ್ಕನಿಗಿಂತ ಚಿಕ್ಕವರು, ಮಾತಿನಲ್ಲಿ ನೇರ.

"ಅಕ್ಕ, ನಮ್ಮ ಸಂಸ್ಥೆಯವರು ಇನ್ನೊಂದು ಊರಲ್ಲಿ ಹೊಸ ಕಾಲೇಜು ಶುರು ಮಾಡ್ತಿದ್ದಾರಲ್ಲ, ಅಲ್ಲಿ ಅಡುಗೆ ಕೋಣೆ ಹೊಸದಾಗಿ ಕಟ್ಟಬೇಕು. ಮುಖ್ಯಸ್ಥೆ ನೀವೇ ಆಗಬೇಕು ಅಂತ ಹೇಳಿದ್ದೀನಿ. ಇರೋಕೆ ಮನೆ ಕೊಡ್ತಾರೆ. ಒಂದು ರೂಮು, ಒಂದು ಅಡುಗೆಮನೆ."

"ರೂಮಿಗೆ ಬಾಗಿಲಿದೆಯಾ?"

"ಬಾಗಿಲಿಲ್ಲದ ಮನೆ ಯಾರು ಕಟ್ತಾರೆ ಅಕ್ಕ?"

ಅಂಥ ಮನೆ ಅಕ್ಕನಿಗೆ ಗೊತ್ತಿತ್ತು.

"ಶನಿವಾರದೊಳಗೆ ಹ್ಞೂಂ ಅಥವಾ ಊಹೂಂ ಹೇಳಿಬಿಡಿ. ಆಮೇಲೆ ಬೇರೆಯವರನ್ನ ನೋಡ್ತಾರೆ."

ಸಂಜೆ ಊಟಕ್ಕೆ ಕೂತಾಗ ಅಕ್ಕ ವಿಷಯ ಹೇಳಿದಳು. ಅಣ್ಣ ತಟ್ಟೆಯಿಂದ ತಲೆ ಎತ್ತಿ, "ಹೋಗು ಪುಟ್ಟಿ, ನಿನ್ನ ಭಾಗ್ಯ ಅದು. ನಾವು ಯಾವತ್ತಾದ್ರೂ ಬೇಡ ಅಂದಿದ್ದೀವಾ?" ಎಂದ. ನಿಜ, ಯಾವತ್ತೂ ಅಂದಿರಲಿಲ್ಲ. ಅತ್ತಿಗೆ ಅವಳ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು. "ಅಲ್ಲಿ ಒಬ್ಬಳೇ ಏನು ಬೇಯಿಸ್ಕೋತೀಯೋ, ಏನು ತಿಂತೀಯೋ. ಇವರ ಇಂಜೆಕ್ಷನ್ ನನಗೆ ಕೈ ನಡುಗುತ್ತೆ. ಇರಲಿ, ನಮ್ಮದೇನು, ಹೇಗೋ ಆಗುತ್ತೆ."

ಆ 'ಹೇಗೋ' ಎಂಬ ಮಾತು ತುತ್ತಿನಲ್ಲಿ ಕಲ್ಲಿನ ಹಾಗೆ ಸಿಕ್ಕಿತು.

ಬುಧವಾರ ಪ್ರೊಫೆಸರಮ್ಮನ ತರಗತಿ. ವಿಷಯ: ಬ್ಯಾಕ್ಟೀರಿಯಾ ತನ್ನ ಜೀನುಗಳನ್ನು ಬೇಕಾದಾಗ ತೆರೆದು ಬೇಡವಾದಾಗ ಮುಚ್ಚುವ ಬಗೆ. ಹಾಲಿನ ಸಕ್ಕರೆಯನ್ನು ಒಡೆದು ತಿನ್ನುವುದಕ್ಕೆ ಅದರ ಬಳಿ ಬೇರೆಯೇ ಹತಾರವಿದೆ. ಆ ಹತಾರ ಮಾಡುವ ಜೀನು ಸಾಮಾನ್ಯವಾಗಿ ಮುಚ್ಚಿರುತ್ತದೆ. ಹಾಲಿನ ಸಕ್ಕರೆ ಸಿಕ್ಕಾಗ ತೆರೆಯುತ್ತದೆ. ತೆರೆದದ್ದಕ್ಕೆ ಸಾಕ್ಷಿ, ಒಂದು ತೊಟ್ಟು ಔಷಧ ಹಾಕಿದರೆ ಕೊಳವೆ ಹಳದಿಯಾಗುವುದು. ಅಕ್ಕ ಹಾಲಿನ ಸಕ್ಕರೆಯ ಅಡುಗೆ ಮಾಡಿದಳು, ಎಂದಿನಂತೆ ಕೊನೆಗೆ ಚಿಟಿಕೆಯನ್ನೂ ಹಾಕಿದಳು. ಮನಸ್ಸು ಬಾಗಿಲಿನ ಮೇಲಿದ್ದುದರಿಂದ ಚಿಟಿಕೆ ಹಿಡಿಯಷ್ಟಾಗಿತ್ತು.

ಒಂದು ಕೊಳವೆಯೂ ಹಳದಿಯಾಗಲಿಲ್ಲ. ವಿದ್ಯಾರ್ಥಿಗಳು ಕೊಳವೆ ಅಲ್ಲಾಡಿಸಿದರು, ಬೆಳಕಿಗೆ ಹಿಡಿದರು. "ಮೇಡಂ, ನಮ್ಮ ಬ್ಯಾಕ್ಟೀರಿಯಾ ಮುಷ್ಕರ ಹೂಡಿದೆ" ಎಂದ ಒಬ್ಬ.

ತರಗತಿ ಮುಗಿದ ಮೇಲೆ ಪ್ರೊಫೆಸರಮ್ಮ ಅಡುಗೆ ಕೋಣೆಗೆ ಬಂದರು. "ಬೆಳೆದಿವೆ, ಚೆನ್ನಾಗೇ ಬೆಳೆದಿವೆ. ಆದ್ರೆ ಹಾಲಿನ ಸಕ್ಕರೆ ಮುಟ್ಟಿಲ್ಲ. ಬೇರೇನೋ ತಿಂದಿವೆ. ಏನು ಹಾಕಿದ್ರಿ ಅಕ್ಕ?"

ಅಕ್ಕ ಸೆರಗಿನ ತುದಿ ಸುತ್ತಿದಳು. "ಒಂದು ಚಿಟಿಕೆ ಗ್ಲೂಕೋಸು."

"ಯಾಕೆ?"

"ಪಾಪ ಅಂತ."

ಪ್ರೊಫೆಸರಮ್ಮನಿಗೆ ನಗು ಬಂತು. ಬೈಯಲು ಬಂದವರು ಸ್ಟೂಲಿನ ಮೇಲೆ ಕೂತರು. "ಗ್ಲೂಕೋಸ್ ಅಂದ್ರೆ ಅವಕ್ಕೆ ಸುಲಭದ ತುತ್ತು. ಅಂಗೈಲಿ ಬೆಣ್ಣೆ ಇರುವಾಗ ತುಪ್ಪಕ್ಕೆ ಯಾರು ಅಲೀತಾರೆ? ಜೀನು ಅನ್ನೋದು ಹೆಸರಿಗೆ ತಕ್ಕ ಜೀನ ಅಕ್ಕ, ಬೇಡದ ಹತಾರಕ್ಕೆ ಕಾಸು ಬಿಚ್ಚಲ್ಲ."

"ಜೀನಿನ ಬಾಗಿಲಿಗೆ ಒಬ್ಬ ಕಾವಲುಗಾರ ಕೂತಿರ್ತಾನೆ, ಹಾಲಿನ ಸಕ್ಕರೆ ಬಂದ್ರೆ ಎದ್ದು ಹೋಗ್ತಾನೆ ಅಂತ ಪಾಠದಲ್ಲಿ ಹೇಳ್ತಿದ್ರಲ್ಲ? ಸಕ್ಕರೆ ಇತ್ತಲ್ಲ?"

"ಇತ್ತು. ಆದ್ರೆ ಕಾವಲುಗಾರ ಎದ್ದರೆ ಸಾಲದು. ಬಾಗಿಲನ್ನ ಯಾರಾದ್ರೂ ತಳ್ಳಬೇಕು. ತಳ್ಳೋದು ಹಸಿವು. ನಿಮ್ಮ ಗ್ಲೂಕೋಸ್ ಇರೋವರೆಗೆ ಹಸಿವೇ ಇಲ್ಲ."

ಅಕ್ಕ ಗ್ಲೂಕೋಸ್ ಡಬ್ಬಿಯ ಮುಚ್ಚಳವನ್ನು ಒಮ್ಮೆ ತೆಗೆದು ಮತ್ತೆ ಹಾಕಿದಳು. ಕೈಗುಣ ಎಂದು ಹೊಗಳಿಸಿಕೊಂಡದ್ದೆಲ್ಲ ನೆನಪಾಗಿ ಕಿವಿ ಬಿಸಿಯಾಯಿತು.

"ಬೇಜಾರು ಬೇಡ" ಎಂದರು ಪ್ರೊಫೆಸರಮ್ಮ. "ಶುಕ್ರವಾರ ಇದನ್ನೇ ಪಾಠ ಮಾಡೋಣ. ಬೇಕು ಅಂತಲೇ ಸ್ವಲ್ಪ ಗ್ಲೂಕೋಸ್, ಜಾಸ್ತಿ ಹಾಲಿನ ಸಕ್ಕರೆ. ಈ ಸಲ ಅಳೆದು ಹಾಕಿ. ಏನಾಗುತ್ತೆ ಅಂತ ಮಕ್ಕಳು ನೋಡಲಿ."

ಸಂಜೆ ಅಕ್ಕ ಮನೆಗೆ ಬಂದಾಗ ಅವಳ ರೂಮಿನಲ್ಲಿ ಬಡಗಿ ನಿಂತಿದ್ದ. ಟೇಪು ಹಿಡಿದು ಪರದೆಯ ಅಗಲ ಅಳೆಯುತ್ತಿದ್ದ. ಪಕ್ಕದಲ್ಲಿ ಅಣ್ಣ, ಮುಖದ ತುಂಬ ನಗು.

"ಬಾ ಪುಟ್ಟಿ. ನಿನ್ನ ರೂಮಿಗೆ ಬಾಗಿಲು ಹಾಕಿಸ್ತಿದ್ದೀನಿ. ನೀನು ಎಷ್ಟು ವರ್ಷದಿಂದ ಕೇಳ್ತಿದ್ದೆ, ನಾನೂ ಒಬ್ಬ ಮಂಕ."

"ಅಡುಗೆಮನೆಗೆ ಹೋಗೋರು?" ಎಂದಳು ಅಕ್ಕ.

"ತಟ್ಟಿ ಹೋಗ್ತಾರೆ" ಎಂದಳು ಅತ್ತಿಗೆ ಒಳಗಿನಿಂದ.

"ಚಿಲಕ ಒಳಗಡೆ ಇಡಲಾ, ಹೊರಗಡೆ ಇಡಲಾ?" ಎಂದು ಕೇಳಿದ ಬಡಗಿ.

"ಎರಡೂ ಕಡೆ ಇಡಪ್ಪ, ದುಡ್ಡಿಗೆ ಯೋಚಿಸಬೇಡ" ಎಂದ ಅಣ್ಣ.

ಅಣ್ಣನ ಪ್ರೀತಿ ಸುಳ್ಳಲ್ಲ, ಅದೇ ತೊಂದರೆ. ಆ ರಾತ್ರಿ ಅಕ್ಕ ಮಂಚದ ಮೇಲೆ ಮಲಗಿ, ಬಾಗಿಲು ಬಂದರೆ ಹೇಗೆ ಕಾಣುತ್ತದೆ ಎಂದು ಊಹಿಸಿದಳು. ಯಾವ ಬಣ್ಣ ಬಳಿಸಬೇಕೆಂದೂ ಯೋಚಿಸಿದಳು. ಶನಿವಾರ ಊಹೂಂ ಎಂದರಾಯಿತು ಎಂದುಕೊಂಡಾಗ ಮೈ ಹಗುರಾಯಿತು, ಸಕ್ಕರೆ ನಿದ್ದೆ ಬಂತು. ನಡುವೆ ನೀರಿಗೆ ಹೊರಟ ಅಣ್ಣನ ಮೊಣಕಾಲು ಮಂಚಕ್ಕೆ ತಗುಲಿತು. "ಮಲಗಿರು ಪುಟ್ಟಿ."

ಶುಕ್ರವಾರ ಅಕ್ಕ ಗ್ಲೂಕೋಸನ್ನು ತಕ್ಕಡಿಯಲ್ಲಿ ತೂಗಿ ಹಾಕಿದಳು. ಡಬ್ಬಿ ಮುಚ್ಚಿದ ಮೇಲೂ ಬೆರಳುಗಳು ಚಿಟಿಕೆಯ ಹಾಗೆಯೇ ಕೂಡಿಕೊಂಡಿದ್ದವು. ತರಗತಿಯಲ್ಲಿ ಅಲ್ಲಾಡಿಸುವ ಮಣೆಯ ಮೇಲೆ ದೊಡ್ಡ ಸೀಸೆ ಅಲುಗಾಡುತ್ತಿತ್ತು. ಆಗಾಗ ಅದರಿಂದ ಸ್ವಲ್ಪ ತೆಗೆದು ವಿದ್ಯಾರ್ಥಿಗಳು ಎಷ್ಟು ಮಸುಕಾಗಿದೆ ಎಂದು ಯಂತ್ರದಲ್ಲಿ ನೋಡಿ ಹಲಗೆಯ ಮೇಲೆ ಚುಕ್ಕಿ ಇಡುತ್ತಿದ್ದರು. ಮಸುಕು ಹೆಚ್ಚಿದಷ್ಟೂ ಬ್ಯಾಕ್ಟೀರಿಯಾ ಹೆಚ್ಚು. ಚುಕ್ಕಿಗಳು ಮೆಟ್ಟಿಲು ಹತ್ತುವ ಹಾಗೆ ಮೇಲೆ ಹೋದವು. ಆಮೇಲೆ ನಿಂತವು. ಮುಂದಿನ ಚುಕ್ಕಿ ಹಿಂದಿನದರ ಪಕ್ಕದಲ್ಲೇ, ಅದರ ಮುಂದಿನದೂ ಅಲ್ಲೇ.

"ಸತ್ತುಹೋದ್ವಾ?" ಎಂದಳು ಅಕ್ಕ.

"ಇಲ್ಲ. ಗ್ಲೂಕೋಸ್ ಮುಗಿದಿದೆ, ಅಷ್ಟೇ. ಈಗ ಏನೂ ಇಲ್ಲ ಅವಕ್ಕೆ. ಹಳೇ ತುತ್ತು ಖಾಲಿ, ಹೊಸದನ್ನ ತಿನ್ನೋ ಹತಾರ ಇನ್ನೂ ಸಿದ್ಧ ಆಗಿಲ್ಲ."

ಸೀಸೆ ಅಲುಗಾಡುತ್ತಲೇ ಇತ್ತು. ವಿದ್ಯಾರ್ಥಿಗಳು ಆಕಳಿಸಿದರು. ಅಕ್ಕನಿಗೆ ನೋಡಲಾಗಲಿಲ್ಲ. ಹಸಿದು ಕೂತ ಮಕ್ಕಳನ್ನು ಗಾಜಿನಾಚೆಯಿಂದ ನೋಡಿದ ಹಾಗಿತ್ತು. "ಒಂದೇ ಒಂದು ಚಿಟಿಕೆ..." ಎಂದು ಎದ್ದಳು.

"ಕೂತ್ಕೊಳ್ಳಿ ಅಕ್ಕ. ಕೈ ಕಟ್ಟಿಕೊಂಡು ಕೂತ್ಕೊಳ್ಳಿ. ಈಗ ನೀವು ಕೊಟ್ರೆ ಅವು ಬಾಗಿಲು ಮುಚ್ಕೋತವೆ."

ಅಕ್ಕ ಕೂತಳು. ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತಳು. ರೇಡಿಯೋ, ಹೊಲಿಗೆ ಯಂತ್ರ, ಬಡಗಿಯ ಟೇಪು ಒಂದರ ಹಿಂದೆ ಒಂದು ಕಣ್ಣ ಮುಂದೆ ಬಂದವು. ಹಲಗೆಯ ಮೇಲೆ ಇನ್ನೊಂದು ಚುಕ್ಕಿ, ಅದೇ ಎತ್ತರದಲ್ಲಿ. ಆಮೇಲಿನದು ಒಂದು ಕೂದಲೆಳೆ ಮೇಲೆ. ಪ್ರೊಫೆಸರಮ್ಮ ಕೊಳವೆಗೆ ತೊಟ್ಟು ಔಷಧ ಬಿಟ್ಟರು. ಮೊದಲು ಏನೂ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಕೊಳವೆ ತಿಳಿ ಹಳದಿಗೆ ತಿರುಗಿತು.

ಅಕ್ಕ ಶನಿವಾರದವರೆಗೆ ಕಾಯಲಿಲ್ಲ. ಕೊಳವೆ ತೊಳೆಯುತ್ತಾ, ನಲ್ಲಿಯ ಸದ್ದಿನ ನಡುವೆ, "ಮೇಡಂ, ಹ್ಞೂಂ" ಎಂದಳು.

"ಏನು ಹ್ಞೂಂ?"

"ಆ ಬಾಗಿಲಿರೋ ಮನೆಗೆ."

ಮನೆಯಲ್ಲಿ ಹೇಳುವುದು ಇಷ್ಟು ಸುಲಭವಾಗಿರಲಿಲ್ಲ. "ಬಾಗಿಲು ಬೇಡ ಅಣ್ಣ. ನಾನು ಹೋಗ್ತೀನಿ ಅಂತ ಹೇಳಿಬಂದೆ" ಎಂದಳು. ಅಣ್ಣ "ಹೋಗು" ಎನ್ನಲಿಲ್ಲ, "ಬೇಡ" ಎಂದೂ ಅನ್ನಲಿಲ್ಲ. ಬಡಗಿಗೆ ಫೋನ್ ಮಾಡಿ ಬರಬೇಡ ಎಂದ. ಅಲ್ಲಿಂದ ಮನೆಯಲ್ಲಿ ಸಿಹಿ ನಿಂತಿತು. ಅತ್ತಿಗೆ ತಟ್ಟೆ ಇಡುವಾಗ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಸದ್ದು ಮಾಡುತ್ತಿದ್ದಳು. ಇಂಜೆಕ್ಷನ್ ಚುಚ್ಚುವಾಗ ಅಣ್ಣ ಗೋಡೆಯ ಕಡೆ ನೋಡುತ್ತಿದ್ದ. ಒಂದು ದಿನ ಅತ್ತಿಗೆ ಬಂದು, "ಕೊಡು, ಕಲೀತೀನಿ" ಎಂದು ಸಿರಿಂಜ್ ಕಿತ್ತುಕೊಂಡಳು, ಕೈ ನಡುಗಲಿಲ್ಲ. ಪುಟ್ಟೀ ಎಂದು ಯಾರೂ ಕೂಗುತ್ತಿರಲಿಲ್ಲ. ಅದು ಇಷ್ಟು ಖಾಲಿ ಎಂದು ಅಕ್ಕನಿಗೆ ಗೊತ್ತಿರಲಿಲ್ಲ. ಹೋಗುವ ಮನೆ ಇನ್ನೂ ಬಂದಿರಲಿಲ್ಲ, ಇರುವ ಮನೆ ಆಗಲೇ ಹೋಗಿತ್ತು. ಮಂಚದ ಮೇಲೆ, ಬಟ್ಟೆಯ ದಾರದ ಕೆಳಗೆ, ನಾಲ್ಕು ಸಲ ನಿರ್ಧಾರ ಬದಲಿಸಿದಳು, ಐದನೇ ಸಲಕ್ಕೆ ನಿದ್ದೆ ಬಂತು.

ಹೊರಡುವ ಹಿಂದಿನ ಸಂಜೆ ಅವಳು ಮಂಚದ ಮೇಲೆ ಕೂತು ಸೀರೆ ಮಡಿಸುತ್ತಿದ್ದಳು. ಅತ್ತಿಗೆ ಮಹಡಿಯಲ್ಲಿದ್ದಳು. ಅಣ್ಣ ಅಂಗಡಿಯಿಂದ ಬಂದವನು ಪರದೆ ಸರಿಸಿ ಅಡುಗೆಮನೆಗೆ ಹೋದ. ಹಣೆಯಲ್ಲಿ ಬೆವರು ಕಂಡಿತು. ಗೂಡುಗಳ ಬಾಗಿಲು ತೆಗೆದು ಮುಚ್ಚುವ ಸದ್ದು, ಡಬ್ಬಿಗಳು ಒಂದಕ್ಕೊಂದು ತಾಗುವ ಸದ್ದು. ಬಹಳ ಹೊತ್ತು. ಕೊನೆಗೆ ಅವನು ಬಾಯಿ ಬಿಟ್ಟ.

"ಪುಟ್ಟಿ, ಗ್ಲೂಕೋಸ್ ಎಲ್ಲಿ?"

ಅವಳ ಕಾಲುಗಳು ಆಗಲೇ ನೆಲ ಮುಟ್ಟಿದ್ದವು. ಅವು ಕಾಲು ಶತಮಾನದ ಕಾಲುಗಳು, ಅವಳನ್ನು ಕೇಳಿ ಏಳುವಂಥವಲ್ಲ. ಅಲ್ಲಿಂದ ಅಣ್ಣನ ಬೆನ್ನು ಕಾಣುತ್ತಿತ್ತು, ಅವನು ನೆಟ್ಟಗೆ ನಿಂತಿದ್ದ, ಮಾತು ತೊದಲಿರಲಿಲ್ಲ. ಅಕ್ಕ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಳು.

"ಎರಡನೇ ಗೂಡು. ಎಡಗಡೆ. ಕೆಂಪು ಮುಚ್ಚಳ."

"ಇಲ್ಲಿಲ್ಲ."

"ಇದೆ ಅಣ್ಣ. ಕನ್ನಡಕ ಹಾಕ್ಕೊಂಡು ನೋಡು."

ಸದ್ದು ನಿಂತಿತು. ಆಮೇಲೆ ಬಿಗಿ ಮುಚ್ಚಳ ತಿರುಗುವ ಸದ್ದು, ಏನೋ ನೆಲಕ್ಕೆ ಸುರಿದ ಸದ್ದು, ಲೋಟದಲ್ಲಿ ಚಮಚ ತಿರುಗುವ ಸದ್ದು. ಅಣ್ಣ ಲೋಟ ಹಿಡಿದು ಬಂದು ಅವಳ ಮಂಚದ ತುದಿಯಲ್ಲಿ ಕೂತ. ಕುಡಿಯುತ್ತಾ ಅವನ ಕೈಯ ನಡುಕ ನಿಧಾನವಾಗಿ ಇಳಿಯಿತು.

"ನೆಲದ ಮೇಲೆ ಚೆಲ್ಲಿದ್ದೀನಿ. ಇರುವೆ ಬರುತ್ತೆ" ಎಂದ.

"ಬರಲಿ ಬಿಡು."

ಅಣ್ಣ ಲೋಟ ಖಾಲಿ ಮಾಡಿದ. ಆಮೇಲೆ ಎದ್ದು, ಯಾರನ್ನೂ ಕೂಗದೆ, ಒರೆಸುವ ಬಟ್ಟೆ ಹುಡುಕಲು ಒಳಗೆ ಹೋದ.